ನಾಲೆ ಏರಿಯ ಬೆಳಗು

ಶ್ರೀರಂಗಪಟ್ಟಣದ ಟೀ ಅಂಗಡಿಯಲ್ಲಿ ಬೆಳಗಿನ ಐದೂವರೆಗೆ ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. "ಕಟ್ಟೆ ಎಷ್ಟಾಯ್ತು?" ಅನ್ನುತ್ತಾರೆ. ಕಟ್ಟೆ ಅಂದರೆ ಕನ್ನಂಬಾಡಿ ಕಟ್ಟೆ, ಕೃಷ್ಣರಾಜಸಾಗರ. ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಅದರ ನೀರಿನ ಮಟ್ಟವನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಲೋಟ ಕೈಯಲ್ಲಿ ಹಿಡಿದು ಕೇಳುತ್ತಾರೆ. 124.80 ಅಡಿ ಆದರೆ ಭರ್ತಿ. ಅದರ ಆಸುಪಾಸು ಇದ್ದರೆ ಮಾತು ಮದುವೆ, ಚುನಾವಣೆ, ಕಬ್ಬಿನ ಬೆಲೆ ಕಡೆ ಹೊರಳುತ್ತದೆ. ನೂರರ ಕೆಳಗಿಳಿದಿದ್ದರೆ ಯಾರೂ ಮಾತು ಮುಂದುವರಿಸುವುದಿಲ್ಲ. ಲೋಟ ಕೆಳಗಿಡುವ ಸದ್ದೇ ಜೋರಾಗಿ ಕೇಳುತ್ತದೆ. 2023ರ ಬರದ ವರ್ಷ ಆ ಸದ್ದನ್ನು ಎಷ್ಟು ಬೆಳಗು ಕೇಳಿದೆನೋ ಲೆಕ್ಕವಿಲ್ಲ.

ಟೀ ಕುಡಿದು ಸೈಕಲ್ಲು ಹತ್ತುತ್ತೇನೆ. ನಾನು ಮೈಸೂರಿನವನು, ನನಗೆ ಇಲ್ಲಿ ಗದ್ದೆಯಿಲ್ಲ, ಕಟ್ಟೆ ಎಷ್ಟಾದರೇನು ಎನ್ನಬಹುದು. ಮನೆಯ ನಲ್ಲಿಯಲ್ಲಿ ಬರುವುದೂ ಇದೇ ಹೊಳೆಯ ನೀರು ಎಂಬುದು ನಲ್ಲಿ ತಿರುಗಿಸುವಾಗ ನೆನಪಾಗುವುದಿಲ್ಲ, ಈ ಅಂಗಡಿಯ ಬೆಂಚಿನ ಮೇಲೆ ಕೂತಾಗ ಮಾತ್ರ ನೆನಪಾಗುತ್ತದೆ.

ನನ್ನದು ಗ್ರಾವೆಲ್ ಬೈಕ್. ನಲವತ್ತೆಂಟನೇ ವಯಸ್ಸಿನಲ್ಲಿ, ಮಂಡಿ ನೋವಿಗೆ ಡಾಕ್ಟರು ಓಡಬೇಡಿ ಎಂದ ಮೇಲೆ ಕೊಂಡದ್ದು. ರೇಸ್ ಸೈಕಲ್ಲಿನ ಹಾಗೆ ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಆದರೆ ಟೈರು ದಪ್ಪ, ಗಾಳಿ ಕಡಿಮೆ. ಟಾರು ರಸ್ತೆಯ ಸೈಕಲ್ಲಿಗೆ ನೂರರ ಹತ್ತಿರ ಗಾಳಿ ಹೊಡೆಯುವವರು ಇದಕ್ಕೆ ನಲವತ್ತಕ್ಕೆ ನಿಲ್ಲಿಸುತ್ತಾರೆ. ಹೆಬ್ಬೆರಳಲ್ಲಿ ಒತ್ತಿದರೆ ಚೂರು ಒಳಗೆ ಹೋಗಬೇಕು, ಹದವಾಗಿ ಹಣ್ಣಾದ ಸೀಬೆಯ ಹಾಗೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನ ಸುತ್ತ 2006ರಲ್ಲಿ ಇನ್ನೂರು ಮೈಲಿ ಜಲ್ಲಿ ರಸ್ತೆಯ ಓಟವೊಂದು ಶುರುವಾಯಿತು. ಇಂಥ ಓಟಗಳಿಂದಲೇ ಈ ಸೈಕಲ್ಲಿಗೂ ಹೆಸರು ಬಂತು. 2022ರಿಂದ ಇದಕ್ಕೊಂದು ವಿಶ್ವ ಚಾಂಪಿಯನ್‌ಷಿಪ್ಪೂ ಇದೆ. ಅದೆಲ್ಲ ಅವಸರದವರ ಲೋಕ. ನನಗೆ ಖುಷಿ ಕೊಟ್ಟದ್ದು ಬೇರೆ: ಗ್ರಾವೆಲ್ ಎಂಬ ಮಾತು ನಮ್ಮ ಕಡೆ ಮೊದಲೇ ಇತ್ತು. "ಏರಿ ಮ್ಯಾಕೆ ಗ್ರಾವಲ್ ಹೊಡಿಸವ್ರೆ" ಅಂದರೆ ಕೆಂಪು ಗರಸು ಮಣ್ಣು ತಂದು ಸುರಿದು ರೋಲರ್ ಓಡಿಸಿದ್ದಾರೆ ಎಂದರ್ಥ. ಆ ಮಾತು ಕಂಟ್ರಾಕ್ಟರ ಬಾಯಿಂದ ಊರಿಗೆ ಬಂದದ್ದು, ನನ್ನ ಸೈಕಲ್ಲಿಗಿಂತ ಬಹಳ ಹಿಂದೆ.

ಉತ್ತರದ ಕವಲು ದಾಟಿದರೆ ಎಡದಂಡೆ. ಪಕ್ಕದಲ್ಲಿ ಹಳೆಯ ವೆಲ್ಲೆಸ್ಲಿ ಸೇತುವೆ, 1804ರದು, ಸಾಲು ಸಾಲು ಕಲ್ಲುಕಂಬಗಳ ಮೇಲೆ ಕಲ್ಲುಚಪ್ಪಡಿ ಹಾಸಿದ ಕಟ್ಟಡ. ಕಂಬಗಳ ಬುಡದಲ್ಲಿ ಬೆಳಗಿನ ಹೊಗೆಮಂಜು ಸುತ್ತುತ್ತಿರುತ್ತದೆ. ಮುಂದೆ ಕರಿಘಟ್ಟದ ಗುಡ್ಡ ಕಪ್ಪಗೆ ಕೂತಿರುತ್ತದೆ. ಅದರ ಬುಡದಲ್ಲಿ ಲೋಕಪಾವನಿ ಬಂದು ಕಾವೇರಿಗೆ ಸೇರುತ್ತಾಳೆ. ಮೈಸೂರಿನ ಸೈಕಲ್ ಹುಡುಗರಿಗೆ ಆ ಗುಡ್ಡ ಹತ್ತುವುದೊಂದು ಚಟ, ಮೇಲೆ ಶ್ರೀನಿವಾಸನ ಗುಡಿಯವರೆಗೂ ಟಾರು ರಸ್ತೆಯಿದೆ. ನಾನು ಹತ್ತುವುದಿಲ್ಲ. ಗುಡ್ಡವನ್ನು ಅದರ ಪಾಡಿಗೆ ಬಿಟ್ಟು ಅರಕೆರೆ ಕಡೆ ಮುಖ ಮಾಡಿ ನಾಲೆ ಏರಿ ಹಿಡಿಯುತ್ತೇನೆ.

ಈ ಕಣಿವೆ ನಾಲೆಗಳ ಕಣಿವೆ. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಿಂದ ಬಂದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಒಡೆಯರ ಹೆಸರಿನ ಚಿಕ್ಕದೇವರಾಯಸಾಗರ ನಾಲೆ, ಬಲದಂಡೆಯ ವಿರಿಜಾ. ಇವೆಲ್ಲ ದೊಡ್ಡ ಅಣೆಕಟ್ಟು ಬರುವ ಮೊದಲಿನವು. ಹೊಳೆಗೆ ಅಡ್ಡಲಾಗಿ ಕಲ್ಲಿನ ತಗ್ಗು ಕಟ್ಟೆ ಹಾಕಿ, ನೀರನ್ನು ಒಂದು ಬದಿಗೆ ತಿರುಗಿಸಿದವು. ಆಮೇಲೆ 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಗಿ ಇಪ್ಪತ್ತು ವರ್ಷ ನಡೆಯಿತು. ಆ ಕಟ್ಟೆಯಿಂದ ಹೊರಟ ದೊಡ್ಡ ನಾಲೆಗೆ ಆಗಿನ ವೈಸ್‌ರಾಯ್ ಇರ್ವಿನ್ ಹೆಸರಿಟ್ಟರು. ಹುಳಿಕೆರೆಯ ಹತ್ತಿರ ದಿನ್ನೆಯನ್ನೇ ಕೊರೆದು ಸುರಂಗದೊಳಗಿಂದ ಅದನ್ನು ಮಂಡ್ಯದ ಬಯಲಿಗೆ ದಾಟಿಸಿದರು. ಇರ್ವಿನ್ ಹೋಗಿ ಈಗ ಅದು ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ಹಳೆಯದಕ್ಕೂ ಹಾಗೇ, ಚಿಕ್ಕದೇವರಾಯಸಾಗರ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗಿದೆ, ಸಿ.ಡಿ.ಎಸ್. ಅನ್ನುತ್ತಾರೆ. ಮೂರು ಇಂಗ್ಲಿಷ್ ಅಕ್ಷರಗಳೊಳಗೆ ಒಬ್ಬ ರಾಜನನ್ನು ಮಡಚಿಟ್ಟಿದ್ದಾರೆ.

ನಾಲೆಯ ಪಕ್ಕ ಸೈಕಲ್ ಹೊಡೆದು ಮೊದಲು ನನ್ನ ಕಾಲಿಗೆ ತಿಳಿದದ್ದು, ಆಮೇಲೆ ತಲೆಗೆ ಹೊಳೆದದ್ದು ಒಂದು ವಿಷಯ. ಈ ದಾರಿಯಲ್ಲಿ ಏರಿಲ್ಲ, ಇಳಿಜಾರಿಲ್ಲ. ಹ್ಯಾಂಡಲ್ಲಿಗೆ ಕಟ್ಟಿದ ಪುಟ್ಟ ಯಂತ್ರ ಇಪ್ಪತ್ತು ಕಿಲೋಮೀಟರ್ ಆದ ಮೇಲೂ ಹತ್ತಿದ ಎತ್ತರ ಹೆಚ್ಚುಕಡಿಮೆ ಸೊನ್ನೆ ಎಂದೇ ತೋರಿಸುತ್ತದೆ. ಮೊದಲ ಸಲ ಅದು ಕೆಟ್ಟಿದೆ ಎಂದುಕೊಂಡೆ. ಹೊಳೆಯೂ ನಾಲೆಯೂ ಹೊರಡುವುದು ಒಂದೇ ಜಾಗದಿಂದ. ಹೊಳೆಗೆ ಆತುರ, ತಗ್ಗು ಸಿಕ್ಕಿದಲ್ಲಿ ಧುಮುಕಿಬಿಡುತ್ತದೆ. ನಾಲೆಯನ್ನು ಕಡಿದವರು ಅದಕ್ಕೆ ಆ ಸ್ವಾತಂತ್ರ್ಯ ಕೊಡಲಿಲ್ಲ. ಮೈಲಿಗೆ ಅಡಿಯೋ ಎರಡಡಿಯೋ ಇಳಿ, ಅಷ್ಟೇ ಎಂದರು. ಹೆಚ್ಚು ಇಳಿಸಿದರೆ ನೀರು ಏರಿಯನ್ನೇ ಕೊಚ್ಚುತ್ತದೆ, ಕಡಿಮೆ ಇಳಿಸಿದರೆ ಹೂಳು ತುಂಬಿ ನಿಂತುಬಿಡುತ್ತದೆ. ಹಾಗಾಗಿ ನಾಲೆ ಪ್ರತಿ ದಿನ್ನೆಯ ಸೊಂಟವನ್ನೂ ಬಳಸಿ, ಪ್ರತಿ ಹಳ್ಳದ ತಲೆಯವರೆಗೂ ಹೋಗಿ ಸುತ್ತಿ, ಎತ್ತರ ಕಳೆದುಕೊಳ್ಳದೆ ಸಾಗುತ್ತದೆ. ಎದುರಿಗೇ ಕಾಣುವ ಊರಿಗೆ ಟಾರು ರಸ್ತೆಯಲ್ಲಿ ಎರಡು ಕಿಲೋಮೀಟರ್ ಆದರೆ ಏರಿಯ ಮೇಲೆ ಐದು. ಜಿಪುಣ ಮುದುಕ ಜೇಬಿನ ದುಡ್ಡು ಖರ್ಚು ಮಾಡುವ ಹಾಗೆ ನಾಲೆ ತನ್ನ ಎತ್ತರವನ್ನು ಖರ್ಚು ಮಾಡುತ್ತದೆ. ಹೊಳೆ ಕೆಳಗೆ ಕೆಳಗೆ ಹೋಗುತ್ತದೆ, ನಾಲೆ ಮೇಲೆಯೇ ಉಳಿಯುತ್ತದೆ. ಇವೆರಡರ ನಡುವೆ ಬಿಟ್ಟುಹೋದ ಜಾಗವೇ ಅಚ್ಚುಕಟ್ಟು, ಈ ಕಣಿವೆಯ ಅನ್ನ.

ಪಟ್ಟಣದಿಂದ ಕೆಳಗೆ ಎಡದಂಡೆಯಲ್ಲಿ ಹೊರಟವನಿಗೆ ನಾಲೆ ಎಡಗಡೆ, ತಗ್ಗು ಬಲಗಡೆ. ಬಲಕ್ಕೆ ನೋಡಿದರೆ ಗದ್ದೆ ಬಯಲು, ಮಡಿಯಿಂದ ಮಡಿಗೆ ಮೆಟ್ಟಿಲಿಳಿದು ತೆಂಗಿನ ಸಾಲಿನಲ್ಲಿ ಮುಗಿಯುತ್ತದೆ, ಆ ಸಾಲಿನ ಹಿಂದೆ ಎಲ್ಲೋ ಹೊಳೆ. ಎಡಕ್ಕೆ ನೋಡಿದರೆ ನಾಲೆಯ ನೀರು, ನೀರಿನಾಚೆ ಎತ್ತರದಲ್ಲಿ ರಾಗಿ, ಹುರುಳಿ, ಕಲ್ಲುದಿನ್ನೆ, ಜಾಲಿ ಪೊದೆ. ನಡುವೆ ಅಂತರ ಎಷ್ಟು? ನಾಲೆಯ ಅಗಲ, ಏರಿಯ ಅಗಲ. ಒಂದು ಕಲ್ಲೆಸೆತ. ಬಲಗಡೆಯದನ್ನು ಗದ್ದೆ ಅನ್ನುತ್ತೇವೆ, ಎಡಗಡೆಯದನ್ನು ಹೊಲ. ಪಹಣಿಯಲ್ಲಿ ಒಂದು ತರಿ, ಇನ್ನೊಂದು ಖುಷ್ಕಿ. ಮಣ್ಣಿನಲ್ಲಿ ಅಂಥ ವ್ಯತ್ಯಾಸವೇನೂ ಇದ್ದಿರಲಾರದು, ನೀರಿನ ಮಟ್ಟ ಎಲ್ಲಿ ಹಾದುಹೋಯಿತು ಎಂಬುದೇ ವ್ಯತ್ಯಾಸ. ಆ ಗೆರೆಯ ಮೇಲೆ, ಸರಿಯಾಗಿ ಗೆರೆಯ ಮೇಲೆಯೇ, ನನ್ನ ಎರಡು ಚಕ್ರ ಉರುಳುತ್ತವೆ. ಬೆಳಗಿನ ತಂಪು, ಹಕ್ಕಿ ಸದ್ದು, ಚಂದದ ನೋಟ ಎಂದು ಹೊರಟವನಿಗೆ ಇದು ಹೊಳೆಯಲು ಒಂದು ವರ್ಷ ಹಿಡಿಯಿತು. ಚಂದವೆಲ್ಲ ಬಲಗಡೆಯೇ ಇತ್ತು, ಫೋಟೋ ತೆಗೆದದ್ದೆಲ್ಲ ಬಲಗಡೆಯದೇ.

ಒಂದು ಬೆಳಗ್ಗೆ ಮುಂದಿನ ಟೈರಿಗೆ ಜಾಲಿಮುಳ್ಳು ಚುಚ್ಚಿತು. ಎಡಗಡೆಯಿಂದ ಬಂದ ಮುಳ್ಳು, ಆ ಕಡೆಯ ಫಸಲು ಅದೇ ತಾನೆ. ನನ್ನ ಟೈರಿನಲ್ಲಿ ಟ್ಯೂಬಿಲ್ಲ, ಒಳಗೆ ಬಿಳಿ ದ್ರಾವಣ ಹಾಕಿರುತ್ತಾರೆ. ತೂತು ಬಿದ್ದರೆ ಅದು ಹೊರಗೆ ನುಗ್ಗಿ, ಗಾಳಿ ತಾಗಿ ಗಟ್ಟಿಯಾಗಿ ತಾನೇ ಮುಚ್ಚುತ್ತದೆ. ಮುಳ್ಳು ಕಿತ್ತೆ. ಸುಯ್ ಎಂದು ಹಾಲಿನಂಥದ್ದು ಚಿಮ್ಮಿತು. ತೂತನ್ನು ಕೆಳಗೆ ಮಾಡಿ ಚಕ್ರ ಹಿಡಿದು ನಿಂತೆ.

ಹಿಂದಿನಿಂದ ಕಿರ್‌ಗುಟ್ಟುತ್ತಾ ಒಂದು ಸೈಕಲ್ಲು ಬಂದು ನಿಂತಿತು. ಕರಿ ಬಣ್ಣ ಹೋಗಿ ತುಕ್ಕಿನ ಬಣ್ಣ ಬಂದ ಹಳೆಯ ಸೈಕಲ್ಲು, ಹಿಂದೆ ಕ್ಯಾರಿಯರಿಗೆ ಗುದ್ದಲಿ ಕಟ್ಟಿದೆ. ಹತ್ತಿದ್ದವರು ಎಪ್ಪತ್ತರ ಹತ್ತಿರದ ಹಿರಿಯರು, ಮೇಲೆತ್ತಿ ಕಟ್ಟಿದ ಪಂಚೆ, ತಲೆಗೆ ಟವೆಲ್ಲು. ನೀರುಗಂಟಿ ಕೆಲಸ ಮಾಡಿದವರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡುವುದು. ಈಗ ಕೆಲಸ ಮಗನದಂತೆ, ಅಭ್ಯಾಸ ಮಾತ್ರ ಅವರಲ್ಲೇ ಉಳಿದಿತ್ತು.

"ಏನ್ ಸಾ ಅದು, ಅತ್ತಿ ಹಾಲಿದ್ದಂಗೈತೆ?"

"ಹೌದು ಯಜಮಾನ್ರೇ, ಹೆಚ್ಚುಕಡಿಮೆ ಅದೇ ಜಾತಿ. ತಾನೇ ಮುಚ್ಕೊಳ್ಳುತ್ತೆ."

ಅವರು ಕುಕ್ಕರಗಾಲಲ್ಲಿ ಕೂತು ನೋಡಿದರು. ಹಾಲು ನಿಂತಿತು. ಹೆಬ್ಬೆರಳಿನಿಂದ ಟೈರು ಒತ್ತಿದರು, ಅಂಗಡಿಯವನು ಒತ್ತುವ ಹಾಗೇ. ಆಮೇಲೆ ತಮ್ಮ ಟೈರು ಒತ್ತಿದರು. ಮತ್ತೆ ನನ್ನದು. "ಒಂದೇ ದಪ್ಪ ಅಲ್ವಾ?" ಎಂದರು.

ಅವರ ಟೈರಿನ ಮಗ್ಗುಲಲ್ಲಿ 28 ಗುಣಿಸು ಒಂದೂವರೆ ಎಂದು ಅಚ್ಚಾಗಿತ್ತು. ಒಂದೂವರೆ ಇಂಚಿನ ಆ ಟೈರಿಗೆ ಈಗಿನ ಅಳತೆಯಲ್ಲಿ ನಲವತ್ತು ಮಿಲಿಮೀಟರ್ ಅನ್ನುತ್ತಾರೆ. ನನ್ನ ಟೈರಿನ ಮೇಲೂ ನಲವತ್ತು ಎಂದೇ ಬರೆದಿತ್ತು. ಅವರ ಚಕ್ರದ ರಿಮ್ಮು ನನ್ನದಕ್ಕಿಂತ ಅರ್ಧ ಇಂಚು ದೊಡ್ಡದು, ಗುಂಡಿ ದಾಟಲು ಅದೇ ವಾಸಿ. ಎಷ್ಟೋ ಸಾವಿರ ಕೊಟ್ಟು ನಾನು ತಂದ ಹೊಸ ಜಾತಿಯ ಸೈಕಲ್ಲು, ಅಂಚೆಯವರೂ ಹಾಲಿನವರೂ ಹುಲ್ಲು ಹೊರೆ ಹೇರಿದ ರೈತರೂ ಇದೇ ಏರಿಯ ಮೇಲೆ ತುಳಿದದ್ದರ ದಾಯಾದಿ. ಇದನ್ನು ಯೋಚಿಸಿ ನನಗೆ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಅವರು ಎಡಗಡೆ ಕೈ ತೋರಿಸಿ, ತಮ್ಮ ಮನೆ ಆ ದಿನ್ನೆಯ ಮೇಲೆ ಎಂದರು. ಹೊಲವೂ ಅಲ್ಲೇ. ನನಗೆ ಕೂಡಲೇ ಅರ್ಥವಾಗಲಿಲ್ಲ.

"ಅಂದ್ರೆ ನಿಮಗೆ ನೀರು?"

"ನಾವು ನಾಲೆ ಮ್ಯಾಲ್ನೋರು ಸಾ. ನೀರ್ ಬಿಡೋ ಕೆಲ್ಸ ನಂದು. ನೀರ್ ಮಾತ್ರ ಅವ್ರುದು." ಗೊಣಗಾಟವೇನೂ ಇರಲಿಲ್ಲ, ವಿಳಾಸ ಹೇಳುವ ದನಿ. ಹಿಂದೆಲ್ಲ ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದದ್ದು ಹುಡುಗನ ಮನೆ ನಾಲೆ ಕೆಳಗೋ ಮೇಲೋ ಎಂದಂತೆ. ಈಗ ಬೆಂಗಳೂರಲ್ಲಿ ಕೆಲಸ ಇದೆಯೋ ಇಲ್ಲವೋ ಎಂದು ಕೇಳುತ್ತಾರೆ. ಹೇಳಿ ಅವರೇ ನಕ್ಕರು. ಆಚೆ ದಡದಲ್ಲಿ ಒಂದು ಕಪ್ಪು ಪೈಪು ಪೊದೆಯೊಳಗಿಂದ ಇಳಿದು ನೀರಿಗೆ ಮೂತಿ ಇಟ್ಟಿತ್ತು, ಮೋಟಾರಿನ ಗುಟುರು ಸಣ್ಣಗೆ ಕೇಳುತ್ತಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. ಇಬ್ಬರೂ ಏನೂ ಹೇಳಲಿಲ್ಲ.

ಅಂದಿನಿಂದ ಏರಿಯ ಮೇಲೆ ಹೋಗುವಾಗ ಕತ್ತು ಎರಡೂ ಕಡೆ ಹೊರಳುತ್ತದೆ. ಬೆಳಕು ಮೂಡುವ ಹೊತ್ತಿಗೆ ಬಣ್ಣದ ಕೊಕ್ಕರೆಗಳು ರಂಗನತಿಟ್ಟಿನ ಕಡೆಯಿಂದ ಮೇಲೆ ಹಾದುಹೋಗುತ್ತವೆ, ರೆಕ್ಕೆ ಬಡಿಯುವುದಕ್ಕಿಂತ ತೇಲುವುದೇ ಹೆಚ್ಚು. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಆ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿದರು. ಆದರೆ ಆ ನಡುಗಡ್ಡೆಗಳು ಮೂಡಿದ್ದು ಅದಕ್ಕೂ ಮುನ್ನೂರು ವರ್ಷದ ಹಿಂದೆ, ಭತ್ತಕ್ಕೆ ನೀರು ಬೇಕೆಂದು ಹೊಳೆಗೆ ಕಟ್ಟೆ ಹಾಕಿದಾಗ. ನಾಲೆ ತೋಡಿದವರಿಗೆ ಕೊಕ್ಕರೆಯ ಯೋಚನೆ ಇದ್ದಿರಲಾರದು. ಈಗ ಕೊಕ್ಕರೆ ನೋಡಲು ಎಲ್ಲೆಲ್ಲಿಂದಲೋ ಬಂದು ದೋಣಿ ಹತ್ತುತ್ತಾರೆ. ಹೊಟ್ಟೆಪಾಡಿಗೆ ಮಾಡಿದ್ದು ಚಂದವಾಗಿಬಿಡುವುದು ಹೀಗೆ. ಈ ಏರಿಯೂ ಹಾಗೇ. ಇದನ್ನು ಯಾರೂ ಯಾರಿಗಾಗಿಯೂ ದಾರಿ ಎಂದು ಮಾಡಲಿಲ್ಲ. ನಾಲೆ ತೋಡಿದಾಗ ಬಂದ ಮಣ್ಣನ್ನು ತಗ್ಗಿನ ಕಡೆ ಒತ್ತಿದರು, ನೀರು ಹೊರಳದಿರಲಿ ಎಂದು. ಮೇಲೆ ತೂಬಿನವನು ನಡೆದ, ದನ ನಡೆದವು, ಬಂಡಿ ಬಂತು, ಟ್ರ್ಯಾಕ್ಟರ್ ಬಂತು, ಈಗ ನಾನು.

ದಾರಿಯ ಹದ ಹೇಳಬೇಕು. ಚೆನ್ನಾಗಿ ಬಡಿದ ಗರಸು ಮಣ್ಣಿನ ಮೇಲೆ ಮಳೆ ಬಿದ್ದು ಎರಡು ದಿನ ಬಿಸಿಲು ಕಂಡ ಬೆಳಗಿಗಿಂತ ಒಳ್ಳೆಯ ಬೆಳಗಿಲ್ಲ. ಟೈರಿನಡಿ ಸಣ್ಣ ಸರಸರ, ಹಪ್ಪಳ ಮುರಿದಂತೆ. ಟ್ರ್ಯಾಕ್ಟರ್ ಚಕ್ರದ ಎರಡು ಜಾಡು, ನಡುವೆ ಗರಿಕೆ ಹುಲ್ಲಿನ ಪಟ್ಟಿ. ತೂಬು ಇದ್ದಲ್ಲೆಲ್ಲ ಏರಿಗೆ ಅಡ್ಡಲಾಗಿ ಚಪ್ಪಡಿ ಕಲ್ಲು, ಚಕ್ರ ಒಮ್ಮೆ ದಡಕ್ಕನ್ನುತ್ತದೆ. ಒಂದು ದಡಕ್ಕಿಗೆ ಇಷ್ಟು ಎಕರೆ ಎಂದು ಲೆಕ್ಕ ಹಿಡಿಯುವುದೇ ಒಂದು ಜಪ. ಕಪ್ಪು ಮಣ್ಣಿನ ತುಂಡು ಬಂದರೆ ಮಾತ್ರ ಇಳಿದುಬಿಡಬೇಕು. ನೆನೆದ ಎರೆಮಣ್ಣು ಚಕ್ರಕ್ಕೂ ಚೌಕಟ್ಟಿಗೂ ನಡುವೆ ಕಣಕದಂತೆ ತುಂಬಿಕೊಂಡು ಸೈಕಲ್ಲನ್ನೇ ಹೊರುವಂತೆ ಮಾಡುತ್ತದೆ. ಏರಿ ಕಿರಿದಾದಲ್ಲಿಯೂ ಇಳಿದು ನಡೆಯುತ್ತೇನೆ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ವಿ.ಸಿ. ನಾಲೆಗೆ ಬಸ್ಸೊಂದು ಉರುಳಿ ಮೂವತ್ತು ಜನ ಹೋದರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ತುಂಬಿದ ನಾಲೆ ನೋಡಲು ಎಷ್ಟು ಸೌಮ್ಯ! ಅಲೆಯಿಲ್ಲ, ಸದ್ದಿಲ್ಲ, ಮೇಲೆ ಒಂದು ಎಲೆ ನಿಧಾನವಾಗಿ ತೇಲಿಹೋಗುತ್ತಿರುತ್ತದೆ. ಗೋಡೆ ಮಾತ್ರ ಜಾರು, ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಈಚೆಗೆ ನಾಲೆಗಳಿಗೆ ಕಾಂಕ್ರೀಟ್ ಹಾಸಿದ ಮೇಲಂತೂ ಹೆಚ್ಚು. ಮೊದಲು ಮಣ್ಣಿನ ನಾಲೆಯ ಅಂಚಿನಲ್ಲಿ ಜೊಂಡು, ಏಡಿ ಬಿಲ, ಮಿಂಚುಳ್ಳಿ ಕೂರಲು ಬೇರು ಇರುತ್ತಿದ್ದವು. ಈಗ ಬೂದು ಗೋಡೆ. ನನಗೆ ಬೇಸರ. ಆದರೆ ಜಿನುಗಿ ಪೋಲಾಗುತ್ತಿದ್ದ ನೀರು ಈಗ ಕೊನೆಯ ಗದ್ದೆಯವರೆಗೂ ಮುಟ್ಟುತ್ತಿದೆ ಎಂದು ಅಲ್ಲಿನವರು ಹೇಳುವಾಗ ಮಿಂಚುಳ್ಳಿಯ ಪರವಾಗಿ ವಾದಿಸಲು ನನಗೆ ಬಾಯಿ ಬರುವುದಿಲ್ಲ. ಬಾವಿಯ ನೀರು ಇಳಿದವರು ಬೇರೆ ಮಾತು ಹೇಳುತ್ತಾರೆ, ಅದೂ ನಿಜವೇ.

ಅರಕೆರೆ ಹತ್ತಿರವಾದಂತೆ ಗಾಳಿಯಲ್ಲಿ ಬೆಲ್ಲದ ವಾಸನೆ. ಆಲೆಮನೆಯ ಮುಂದೆ ಕಬ್ಬಿನ ಸಿಪ್ಪೆ ಹರಡಿ ಒಣಗಿಸಿರುತ್ತಾರೆ, ಏರಿಯ ಮೇಲೂ ಹರಡಿರುತ್ತಾರೆ, ಅದರ ಮೇಲೆ ಚಕ್ರ ಹಾಸಿಗೆಯ ಮೇಲೆ ಹೋದಂತೆ ಹೋಗುತ್ತದೆ. ಕೊಪ್ಪರಿಗೆಯ ಪಾಕ ಹದಕ್ಕೆ ಬಂತೇ ಎಂದು ನೋಡುವವರು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾರೆ. ಒಮ್ಮೆ ಆ ಉಂಡೆಯನ್ನು ನನ್ನ ಅಂಗೈಗೆ ಹಾಕಿದರು. ಸೈಕಲ್ ಹುಡುಗರು ಜೇಬಿನಲ್ಲಿಟ್ಟು ಹೀರುವ ಪ್ಯಾಕೆಟ್ಟಿನ ಶಕ್ತಿಪಾಕಕ್ಕೂ ಇದಕ್ಕೂ ಕೆಲಸ ಒಂದೇ. ರುಚಿಯ ಮಾತು ಬೇಡ.

ಇಲ್ಲಿಂದ ಮುಂದೆ ಮನಸ್ಸಿದ್ದವರು ಬನ್ನೂರು, 1258ರ ಸೋಮನಾಥಪುರ, ಆಮೇಲೆ ತಲಕಾಡಿನವರೆಗೂ ಹೊಳೆಯ ಎಡದಂಡೆಯನ್ನೇ ಹಿಡಿದು ಹೋಗಬಹುದು. ಅಲ್ಲಿಯೂ ಮಾಧವಮಂತ್ರಿ ಕಟ್ಟೆ ಎಂಬ ಹಳೆಯ ಅಣೆ, ಅದರದೊಂದು ನಾಲೆ, ಅದರದೊಂದು ಏರಿ. ಒಂದು ನಾಲೆಯ ನೀರು ಮುಗಿಯುವಲ್ಲಿ ಇನ್ನೊಂದರ ದಾರಿ ಸಿಗುತ್ತದೆ. ನಾನು ಪೂರ್ತಿ ಹೋದದ್ದು ಒಂದೇ ಸಲ, ಮರಳಿ ಬಸ್ಸಿನಲ್ಲಿ, ಸೈಕಲ್ಲಿಗೂ ಟಿಕೆಟ್ ಕೊಟ್ಟು.

ಹೇಳಬೇಕೆಂದು ಹೊರಟದ್ದು ಒಂದು ಆಗಸ್ಟಿನ ಬೆಳಗಿನ ವಿಷಯ. ಮಳೆ ತಡವಾಗಿತ್ತು, ಕಟ್ಟೆ ತುಂಬುವುದೂ ತಡವಾಗಿತ್ತು. ಕೊನೆಗೂ ನಾಲೆಗೆ ನೀರು ಬಿಟ್ಟ ಸುದ್ದಿ ಹಿಂದಿನ ದಿನ ಬಂದಿತ್ತು. ನಾನು ಎಂದಿನಂತೆ ಹೊರಟೆ. ದೊಡ್ಡ ನಾಲೆ ಆಗಲೇ ತುಂಬಿ ಹರಿಯುತ್ತಿತ್ತು. ಅರಕೆರೆಯಾಚೆ ಒಂದು ಉಪನಾಲೆ ಕವಲೊಡೆಯುತ್ತದೆ, ಅದರ ಏರಿ ಒಂದಾಳು ಅಗಲ, ಹೆಚ್ಚು ಜನ ಓಡಾಡುವುದಿಲ್ಲ. ಅದನ್ನು ಹಿಡಿದೆ. ಸ್ವಲ್ಪ ದೂರ ಪಕ್ಕದಲ್ಲಿ ನೀರಿತ್ತು. ಆಮೇಲೆ ತೆಳುವಾಯಿತು. ಆಮೇಲೆ ನೀರಿನ ತಲೆಯನ್ನೇ ಕಂಡೆ.

ಹರಿಯುವ ನೀರು ಕಂಡಿದ್ದೇನೆ, ನಿಂತ ನೀರು ಕಂಡಿದ್ದೇನೆ. ಒಣ ನಾಲೆಯೊಳಗೆ ಮೊದಲ ಸಲ ಬರುತ್ತಿರುವ ನೀರಿನ ಮೂತಿಯನ್ನು ಕಂಡಿರಲಿಲ್ಲ. ಅದು ನುಗ್ಗಿ ಬರುವುದಿಲ್ಲ, ತೆವಳಿ ಬರುತ್ತದೆ. ಮುಂಭಾಗದಲ್ಲಿ ಕಂದು ನೊರೆ, ನೊರೆಯ ಮುಂದೆ ಒಣಗಿದ ತೆಂಗಿನ ಗರಿಯ ಚೂರು, ಹೊಂಗೆ ಎಲೆ, ಗುಟ್ಕಾ ಚೀಟಿ, ಒಂಟಿ ಚಪ್ಪಲಿ. ಎಲ್ಲವನ್ನೂ ಕಸ ಗುಡಿಸುವ ಹಾಗೆ ತಳ್ಳಿಕೊಂಡು ಬರುತ್ತದೆ. ಬಿರುಕು ಬಿಟ್ಟ ತಳ ಕಂಡರೆ ನಿಲ್ಲುತ್ತದೆ. ಬಿರುಕು ಕುಡಿಯುವವರೆಗೆ ಕಾಯುತ್ತದೆ, ಗುಳುಗುಳು ಎಂದು ಗುಳ್ಳೆ ಏಳುತ್ತವೆ. ತುಂಬಿದ ಮೇಲೆ ಮುಂದೆ ಒಂದು ನಾಲಗೆ ಚಾಚುತ್ತದೆ, ಹಿಂದಿನದು ಬಂದು ಅದನ್ನು ಕೂಡಿಕೊಳ್ಳುತ್ತದೆ. ಬಿಲಗಳಿಂದ ಇರುವೆ, ಜಿರಲೆ, ಚೇಳುಮರಿ ಹೊರಗೆ ಬಿದ್ದು ಓಡುತ್ತವೆ. ಅವಕ್ಕೆಂದೇ ಏಳೆಂಟು ಬೆಳ್ಳಕ್ಕಿ ನೀರಿನ ಅಂಚಿಗೆ ಸಾಲಾಗಿ ನಿಂತು, ನೀರಿನ ಜೊತೆ ಜೊತೆಗೇ ಹೆಜ್ಜೆ ಹಾಕುತ್ತಿದ್ದವು, ಮದುವೆ ದಿಬ್ಬಣದ ವಾಲಗದವರ ಹಾಗೆ.

ಅದರ ಜೊತೆ ಹೋಗೋಣ ಎನ್ನಿಸಿತು. ಆಗಲಿಲ್ಲ. ಎಷ್ಟು ಸಣ್ಣ ಗೇರಿಗೆ ಹಾಕಿದರೂ ಸೈಕಲ್ಲು ಆ ನಿಧಾನಕ್ಕೆ ನಿಲ್ಲದು, ವಾಲುತ್ತದೆ. ಇಳಿದು ತಳ್ಳಿಕೊಂಡು ನಡೆದೆ. ನಡಿಗೆಯೂ ಅದಕ್ಕಿಂತ ವೇಗ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಹಿಂದೆ ನೋಡಿ, ಬಂದಮೇಲೆ ಮತ್ತೆ ನಾಲ್ಕು ಹೆಜ್ಜೆ. ಮೊಮ್ಮಗುವನ್ನು ಕೈಹಿಡಿದು ನಡೆಸುವಾಗ ಹೀಗೆ ನಿಂತು ನಿಂತು ನಡೆದಿದ್ದೇನೆ, ಬೇರೆ ಯಾವಾಗಲೂ ನಡೆದದ್ದು ನೆನಪಿಲ್ಲ. ಹ್ಯಾಂಡಲ್ಲಿನ ಯಂತ್ರ ನಾನು ನಿಂತುಬಿಟ್ಟೆನೆಂದು ತಿಳಿದು ತಾನೂ ಲೆಕ್ಕ ನಿಲ್ಲಿಸಿತ್ತು. ಎಡಗಡೆ ದಿನ್ನೆಯ ಮೇಲೆ ಮೇಕೆ ಬಿಟ್ಟುಕೊಂಡು ಬಂದ ಹೆಂಗಸೊಬ್ಬರು ಕೋಲಿಗೆ ಗಲ್ಲ ಊರಿ ನಮ್ಮನ್ನು ನೋಡುತ್ತಿದ್ದರು. ನೀರನ್ನೂ, ನನ್ನನ್ನೂ, ಬೆಳ್ಳಕ್ಕಿಯನ್ನೂ. ಅವರ ಒಂದು ಮೇಕೆ ಇಳಿದು ಬಂದು ಕಾಂಕ್ರೀಟ್ ಅಂಚಿನಲ್ಲಿ ಮೂಸಿ, ಹಿಂದಕ್ಕೆ ಹೋಯಿತು.

ಒಂದು ಹುಣಸೆಮರದವರೆಗೆ ಹೀಗೆ ಬಂದೆ. ಬಿಸಿಲು ಏರಿತ್ತು. ಮನೆಗೆ ಹೊತ್ತಾಗುತ್ತದೆ ಎಂದು ಸೈಕಲ್ಲು ಹತ್ತಿ, ನೀರನ್ನು ಹಿಂದೆ ಬಿಟ್ಟು ಹೊರಟೆ. ಈಗ ಪಕ್ಕದಲ್ಲಿ ಖಾಲಿ ನಾಲೆ, ತಳದಲ್ಲಿ ಒಣ ಮಣ್ಣು. ಬಲಗಡೆ ಗದ್ದೆಗಳಲ್ಲೂ ಒಣ ಮಣ್ಣು, ಒಂದೆರಡು ಕಡೆ ಸಸಿಮಡಿ ಮಾತ್ರ ಹಳದಿಗೆ ತಿರುಗುತ್ತಾ ನಿಂತಿತ್ತು. ಒಂದೂವರೆ ಕಿಲೋಮೀಟರ್ ಆದ ಮೇಲೆ ಉಪನಾಲೆ ಮುಗಿಯುವ ಜಾಗ. ಅಲ್ಲಿ ಐದಾರು ಜನ ತೂಬಿನ ಕಲ್ಲಿನ ಮೇಲೆ ಕೂತಿದ್ದರು, ಗುದ್ದಲಿಗಳನ್ನು ಪಕ್ಕಕ್ಕೆ ಮಲಗಿಸಿ. ಎಷ್ಟು ಹೊತ್ತಿನಿಂದ ಕೂತಿದ್ದರೋ, ಬೀಡಿ ತುಂಡುಗಳು ಸುತ್ತ ಬಿದ್ದಿದ್ದವು. ನನ್ನನ್ನು ಕಂಡು ಎಲ್ಲರೂ ಎದ್ದರು. ಯಾರೂ ಸೈಕಲ್ಲು ನೋಡಲಿಲ್ಲ, ಬೆಲೆ ಕೇಳಲಿಲ್ಲ. ಎಲ್ಲರ ಕಣ್ಣೂ ನಾನು ಬಂದ ಕಡೆಗೇ ಇತ್ತು.

"ಎಲ್ಲೀಗಂಟ ಬಂತು ಸಾ?"

ನಲವತ್ತೆಂಟು ವರ್ಷ ಕಳೆದ ಮೇಲೆ ಸೈಕಲ್ಲು ಹತ್ತಿದವನಿಗೆ ಆ ಏರಿಯ ಮೇಲೆ ಮೊದಲ ಸಲ ಒಂದು ಕೆಲಸ ಸಿಕ್ಕಿತ್ತು.

"ಹುಣಸೆಮರದ ಹತ್ರ ಇದೆ," ಎಂದೆ.

ಅವರಲ್ಲೊಬ್ಬರು ಹುಣಸೆಮರದ ದಿಕ್ಕಿಗೆ ನೋಡಿದರು, ಆಮೇಲೆ ಸೂರ್ಯನನ್ನು ನೋಡಿದರು. "ಉಂಡ್ಕೊಂಡ್ ಬರ್ಬೋದು ಬುಡ್ಲಾ," ಎಂದರು ಪಕ್ಕದವನಿಗೆ. ಯಾರೂ ಊಟಕ್ಕೆ ಏಳಲಿಲ್ಲ. ಮತ್ತೆ ಕಲ್ಲಿನ ಮೇಲೆ ಕೂತರು, ನನಗೂ ಜಾಗ ಮಾಡಿಕೊಟ್ಟು.